ಅಮಾವಾಸ್ಯೆಗೊಮ್ಮೆ ಹೊತ್ತುತ್ತಿದ್ದ ಹೆಡ್‌ಲೈಟು

ಇವತ್ತು ಬೆಳಗ್ಗೆ ಎದ್ದು ನಳದ ನೀರು ಹಿಡಿದೆ. ಎರಡು ದಿನಕ್ಕೊಮ್ಮೆ ಬರುವ ನೀರು. ಬ್ಯಾರಲ್ಲು, ಹಂಡೆ, ಕೊಡ ಎಲ್ಲ ತುಂಬುವಷ್ಟರಲ್ಲಿ ಒಂದು ತಾಸು ಹೋಯಿತು. ಮಿಕ್ಸರಿನ ವೈರು ಬುಡದಲ್ಲಿ ಹರಿದಿತ್ತು, ಕತ್ತರಿಸಿ ಹೊಸದಾಗಿ ಜೋಡಿಸಿದೆ. ಹೆಂಡತಿ ಮಹಾದೇವಿ ಹಸನು ಮಾಡಿಟ್ಟಿದ್ದ ಜೋಳ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಿದೆ. ಕನ್ನಡಕದ ಸಣ್ಣ ಸ್ಕ್ರೂ ಬಿಗಿ ಮಾಡಿಕೊಂಡೆ. ಊಟ ಮಾಡಿ ಇನ್ನೇನು ಅಡ್ಡಾಗಬೇಕು ಅನ್ನುವಾಗ ಐಟಿಐನಲ್ಲಿ ಪಾಠ ಹೇಳುವ ನನ್ನ ಗೆಳೆಯರ ಫೋನು ಬಂತು. “ಈ ಸಲ ಆಟೋ ಎಲೆಕ್ಟ್ರಿಕ್ ಕಲೀಲಿಕ್ಕ ಹೊಸಬರು ಬಂದಾರ. ಪುಸ್ತಕದಾಗ ಇಲ್ಲದ್ದು ನಾಕು ಮಾತು ಬರದು ಕೊಡ್ರಿ, ನಾ ಓದಿ ಹೇಳ್ತೀನಿ” ಅಂದರು.

ಹಾಗಾಗಿ ಕುಳಿತಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾನೆಟ್ಟಿನೊಳಗೆ ತಲೆ ಇಟ್ಟವನು ನಾನು. ಕುತ್ತಿಗೆಯ ಮಣಿ ಸವೆದು, ಡಾಕ್ಟರು ಇನ್ನು ಬಗ್ಗಬೇಡಿ ಅಂದ ಮೇಲೆ ಚಿತ್ತಾಪುರದ ಅಂಗಡಿಯನ್ನು ಪಾಲುದಾರನಿಗೆ ಬಿಟ್ಟುಕೊಟ್ಟೆ. ನಾನು ಸರಿ ಮಾಡಿದ ಗಾಡಿಗಳ ಪಟ್ಟಿ ಕೊಟ್ಟರೆ ನಿಮಗೇನೂ ಉಪಯೋಗವಿಲ್ಲ. ಸರಿ ಮಾಡಲಾಗದೆ ಒದ್ದಾಡಿದ್ದನ್ನು ಹೇಳಿದರೆ ಸ್ವಲ್ಪ ಆದೀತು. ಅದರಲ್ಲೂ ಆರಿಸಿದರೂ ಆರದ ಹೆಡ್‌ಲೈಟುಗಳ ಕಥೆ ಹೇಳುತ್ತೇನೆ. ಹೊತ್ತದ ದೀಪ ಸುಲಭ. ಬಲ್ಬು ಹೋಗಿರುತ್ತದೆ, ಫ್ಯೂಸು ಹೋಗಿರುತ್ತದೆ. ಆರದ ದೀಪ ಹಾಗಲ್ಲ. ಯಾರೋ ಎಲ್ಲೋ ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿರುತ್ತಾರೆ; ಆ ದಾರಿ ಹುಡುಕಬೇಕು.

ನಾನು ಕೆಲಸ ಕಲಿತದ್ದು ವಾಡಿಯಲ್ಲಿ, ರಹೀಮ್ ಉಸ್ತಾದರ ಕೈಕೆಳಗೆ. ಅವರ ಹತ್ತಿರ ಮೀಟರು ಇರಲಿಲ್ಲ. ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು, ಒಂದು ಬೀಡಿ, ಇಷ್ಟೇ ಸಾಮಾನು. ನಮ್ಮ ಕಡೆಯ ಗಾಡಿಗಳಿಗೆ ಬರುವ ರೋಗವೇ ಬೇರೆ ಎಂದು ನನಗೆ ಗೊತ್ತಾದದ್ದು ಮೊದಲ ವರ್ಷವೇ. ವಾಡಿ, ಶಹಾಬಾದದ ರಸ್ತೆಗಳಲ್ಲಿ ಓಡುವ ಗಾಡಿಯ ಬಾನೆಟ್ ಎತ್ತಿದರೆ ಹಿಟ್ಟಿನ ಗಿರಣಿಯ ಮೂಲೆಯ ಹಾಗೆ ಬೂದು ಧೂಳು ಕುಳಿತಿರುತ್ತದೆ. ಸಿಮೆಂಟಿನದು, ನೆಲಕ್ಕೆ ಹಾಸುವ ಫರಸಿ ಕಲ್ಲಿನದು. ನಾನು ಭಾರೀ ಶುದ್ಧ ಮಾಡುವವನ ಹಾಗೆ ಒಂದು ಜೀಪಿನ ಫ್ಯೂಸ್ ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮಾರನೆಯ ದಿನಕ್ಕೆ ಡಬ್ಬಿಯೊಳಗೆ ಗಿಲಾವು ಮಾಡಿದ ಹಾಗೆ ಗಟ್ಟಿ. ಉಸ್ತಾದರು ಬಯ್ಯಲಿಲ್ಲ. ಒಂದು ದಬ್ಬಳ ಕೈಗೆ ಕೊಟ್ಟು, “ಬೇಟಾ, ಮನಿ ಕಟ್ಟೀದಿ. ಈಗ ಕೆಡವು” ಅಂದರು. ಇಡೀ ದಿನ ಕೆರೆದೆ. ಅವತ್ತಿನಿಂದ ಧೂಳಿಗೆ ಒಣ ಬ್ರಷ್ಷು, ಗಾಳಿ, ಇವೆರಡೇ.

ಅವರು ಹೇಳಿಕೊಟ್ಟ ಇನ್ನೊಂದು ಮಾತು, “ಪಾನಾ, ಸ್ಪ್ಯಾನರ್ ಹಿಡಿಯೂಕಿಂತ ಮೊದಲು ಗಾಡಿ ತಂದಾವನ ಮಾತು ಪೂರಾ ಕೇಳು. ಅರ್ಧಕ್ಕ ಬಾಯಿ ಹಾಕಬ್ಯಾಡ.” ಇದನ್ನು ನಾನು ಮೂವತ್ತು ವರ್ಷ ಎಲ್ಲರಿಗೂ ಹೇಳಿದೆ. ಪಾಲಿಸಿದ್ದು ಕಮ್ಮಿ.

ಕಾಲ ಬದಲಾದ ಹಾಗೆ ಆರದ ದೀಪಗಳೂ ಬದಲಾದವು. ತೆಂಗಳಿಯಿಂದ ಒಬ್ಬ ಹಿರಿಯರು ಹೊಚ್ಚ ಹೊಸ ಮೋಟಾರ್‌ಸೈಕಲ್ ತಳ್ಳಿಕೊಂಡು ಬಂದರು. ಓಡಿಸಿಕೊಂಡು ಅಲ್ಲ, ಬಸ್‌ಸ್ಟ್ಯಾಂಡಿನಿಂದ ತಳ್ಳಿಕೊಂಡು.

“ಮಿಸ್ತ್ರಿ, ಲೈಟಿಗಿ ಬಟನ್ನೇ ಹಚ್ಚಿಲ್ಲ ನೋಡ್ರಿ. ಮೋಸ ಮಾಡ್ಯಾರ. ಹಾಡಾಹಗಲು ಲೈಟ್ ಹಚ್ಗೊಂಡು ಹೊಂಟ್ರ ಎದುರು ಬಂದಾವ್ರೆಲ್ಲ ಕೈ ಹಿಂಗ ಹಿಂಗ ಮಾಡ್ತಾರ,” ಎಂದು ಬೆರಳು ಮುಚ್ಚಿ ತೆರೆದು ತೋರಿಸಿದರು. “ಮೊದಲ ದಿನ ನಮಸ್ಕಾರ ಅಂತ ತಿಳದು ನಾನೂ ಕೈ ಮಾಡ್ದೆ. ಚಿತ್ತಾಪುರ ಬರೂತನಕ ಕೈ ನೋವು ಬಂತು.”

“ಕಾಕಾ, ಮೋಸ ಅಲ್ರಿ. ಕಾಯ್ದೆನೇ ಹಂಗ ಬಂದದ. ಇನ್ನ ಮ್ಯಾಲ ಎಲ್ಲಾ ಗಾಡಿ ಹಿಂಗೇ, ಚಾಲೂ ಮಾಡಿದ್ರ ಲೈಟ್ ಹತ್ತತದ.”

ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. “ಅಂದ್ರ ನನ್ನ ಗಾಡಿ ಲೈಟ್ ಆರಸೂ ಹಕ್ಕು ನಂಗಿಲ್ಲ?”

“ಇಲ್ರಿ.”

“ಮನ್ಯಾಗರೆ ಇತ್ತೇನು ಬಿಡ್ರಿ,” ಅಂದು ಗಾಡಿ ಚಾಲೂ ಮಾಡಿಕೊಂಡು ಹೋದರು.

ಇನ್ನೊಂದು ಸಲ ಆದಿತ್ಯನಗರದಿಂದ ಒಬ್ಬ ಮೇಡಂ ತಮ್ಮ ಕಾರು ತಂದರು. ಅದರ ಹೆಡ್‌ಲೈಟು ಕತ್ತಲಾದರೆ ತಾನೇ ಹೊತ್ತಬೇಕು, ಬೆಳಕಾದರೆ ತಾನೇ ಆರಬೇಕು. ಆರುತ್ತಿರಲಿಲ್ಲ. ನಾನು ಸೀಟು ಹಿಂದೆ ಸರಿಸಿ, ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಅರ್ಧ ದಿನ ಬೆವರಿದೆ. ಕಡೆಗೆ ಬೇಸತ್ತು ಧೂಳು ಒರೆಸೋಣ ಎಂದು ಮುಂದಿನ ಗಾಜಿನ ಬುಡದಲ್ಲಿ ಅಂಟಿಸಿದ್ದ ಪುಟ್ಟ ನಂದಿಯನ್ನು ಪೀಠದ ಸಮೇತ ಎತ್ತಿದೆ. ದೀಪ ಆರಿತು. ಬೆಳಕು ಅಳೆಯುವ ಸಣ್ಣ ಕಣ್ಣು ಅದೇ ಜಾಗದಲ್ಲಿತ್ತು.

“ಅಂದ್ರ ದೇವ್ರೇ ಕತ್ತಲಿ ಮಾಡಿದ್ನೇನ್ರಿ?” ಎಂದು ಮೇಡಂ ಕೇಳಿದರು.

“ದೇವ್ರಲ್ರಿ, ದೇವ್ರ ಪೀಠ” ಅಂದೆ. ನಂದಿಯನ್ನು ನಾಲ್ಕು ಬೆರಳು ಆಚೆ ಕೂರಿಸಿ ಕಳಿಸಿದೆ.

ಇವೆಲ್ಲ ನಗುತ್ತ ಹೇಳುವ ಕಥೆಗಳು. ನಾನು ನಿಜವಾಗಿ ಬರೆಯಬೇಕಾದದ್ದು ಭೀಮರಾಯನ ವಿಷಯ. ಯಾಕೆಂದರೆ ಅದರಲ್ಲಿ ಆರದ ಒಂದು ದೀಪದಿಂದ ಒಬ್ಬ ಮನುಷ್ಯನ ಕೆಲಸವೂ ಹೆಸರೂ ಹೋಗುವುದರಲ್ಲಿತ್ತು, ಮತ್ತು ಅದಕ್ಕೆ ಅರ್ಧ ನಾನೇ ಕಾರಣನಾಗಿದ್ದೆ.

ಭೀಮರಾಯ ಸನ್ನತಿಯವನು. ಹೊಳೆದಂಡೆಯ ಮನೆತನ. ಅವನ ಹೆಂಡತಿ ಮಕ್ಕಳು ಅಲ್ಲೇ ಇದ್ದರು. ಅವನು ಚಿತ್ತಾಪುರದಲ್ಲಿ ಒಂದು ಖೋಲಿ ಹಿಡಿದು, ಫರಸಿ ಕಲ್ಲಿನ ವ್ಯಾಪಾರ ಮಾಡುವ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದ. ಆರು ವರ್ಷ ಒಂದೇ ಮನೆ. ದಿನಾ ಶಹಾಬಾದ, ವಾಡಿ, ಕೆಲವೊಮ್ಮೆ ಸೇಡಂ, ಚಿಂಚೋಳಿ. ಮಾತು ಕಮ್ಮಿ. ಗಾಡಿಯನ್ನು ಎಮ್ಮೆ ಮೈ ತೊಳೆದ ಹಾಗೆ ತಿಕ್ಕಿ ಇಡುತ್ತಿದ್ದ.

ಒಂದು ಬೆಳಗ್ಗೆ ಅವನು ಆ ಕಾರು ತಂದ. ರಾತ್ರಿಯೆಲ್ಲ ಹೆಡ್‌ಲೈಟು ಉರಿದು ಬ್ಯಾಟರಿ ಸತ್ತಿತ್ತಂತೆ. ನಸುಕಿನಲ್ಲಿ ಹಾಲು ಹಾಕುವವನು ಗೇಟಿನೊಳಗೆ ದೀಪ ಮಿಣಕುತ್ತಿದ್ದದ್ದು ನೋಡಿ ಸಾಹುಕಾರರನ್ನು ಎಬ್ಬಿಸಿದ್ದ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟು ಕೊಟ್ಟು ಚಾಲೂ ಮಾಡಿಕೊಂಡು ಬಂದಿದ್ದ. ನಾನು ಸ್ವಿಚ್ಚು ಹಾಕಿದೆ, ಹೊತ್ತಿತು. ತೆಗೆದೆ, ಆರಿತು. ಐವತ್ತು ಸಲ ಮಾಡಿದೆ. ರಿಲೇ ಕಿತ್ತು ಬೆರಳಲ್ಲಿ ತಟ್ಟಿ ನೋಡಿದೆ. ಹೊಸಬರಿಗೆ ಹೇಳಬೇಕೆಂದರೆ, ರಿಲೇ ಅಂದರೆ ಸಣ್ಣ ಡಬ್ಬಿಯಂಥ ದ್ವಾರಪಾಲಕ. ಸ್ವಿಚ್ಚಿನಿಂದ ಸಣ್ಣ ಸನ್ನೆ ಬಂದರೆ ದೊಡ್ಡ ಕರೆಂಟಿಗೆ ಬಾಗಿಲು ತೆಗೆಯುತ್ತದೆ. ಅದರಲ್ಲಿ ತಪ್ಪಿರಲಿಲ್ಲ. ಸಾಹುಕಾರರಿಗೆ ಫೋನು ಹಚ್ಚಿದೆ.

“ಗಾಡ್ಯಾಗ ಏನೂ ತಪ್ಪಿಲ್ರಿ ಸಾಹುಕಾರ್ರೆ. ಸ್ವಿಚ್ ಬಂದ್ ಮಾಡೂದು ಮರತಿರಬೇಕು.”

ಭೀಮರಾಯ ಎದುರಿಗೇ ನಿಂತಿದ್ದ. “ನಾ ಬಂದ್ ಮಾಡೀನಿ ಮಾಮಾ,” ಅಂದ.

“ಮರವು ಯಾರಿಗಿಲ್ಲ ತಮ್ಮಾ, ಬಿಡು,” ಅಂದೆ. ಬಿಡು ಅನ್ನುವುದು ಬಹಳ ಸುಲಭ.

ಮುಂದಿನ ತಿಂಗಳು ಮತ್ತೆ ಅದೇ. ಈ ಸಲ ನಾನು ಸ್ಟೇರಿಂಗಿನ ಪಕ್ಕದ ಸ್ವಿಚ್ಚನ್ನೇ ಪೂರ್ತಿ ಬದಲಿಸಿದೆ. ಹಳೆಯದು ಚೆನ್ನಾಗಿಯೇ ಇತ್ತು. ಏನಾದರೂ ಮಾಡಿದೆ ಅನ್ನಿಸಿಕೊಳ್ಳಬೇಕಿತ್ತು ನನಗೆ. ಮೂರನೆಯ ತಿಂಗಳೂ ಹಾಗೇ ಆಗಿ, ಗಾಡಿಯ ಜೊತೆ ಸಾಹುಕಾರರೇ ಅಂಗಡಿಗೆ ಬಂದರು. ಬಾಗಿಲಲ್ಲಿ ಹಾಕಿದ್ದ ಸ್ಟೂಲಿನ ಮೇಲೆ ಕುಳಿತು, ಚಹಾ ಬೇಡ ಅಂದರು.

“ಮಿಸ್ತ್ರಿ, ಮೂರು ಸಲಾನೂ ಅಮಾಸಿ ದಿನಾನೇ ಆಗ್ಯದ. ಇದಕ್ಕೇನಂತಿ?”

ನಾನು ಅಷ್ಟು ಲೆಕ್ಕ ಹಿಡಿದಿರಲಿಲ್ಲ.

“ನಾ ಹೇಳ್ತೀನಿ ಕೇಳು. ಅಮಾಸಿಗಿ ಸನ್ನತಿ ದೇವಿ ಗುಡಿಗಿ ಮಂದಿ ಬರ್ತಾರ. ಇಂವ ಅದೇ ಊರಾಂವ. ನಾವು ಮಲಗಿದ ಮ್ಯಾಲ ನನ್ನ ಗಾಡಿ ತಗೊಂಡು ಮಂದಿಗಿ ಬಾಡಿಗಿ ಹೊಡೀಲತ್ತಾನ. ನಸಿಕಿನ್ಯಾಗ ತಂದು ನಿಂದರಿಸಿ, ನಿದ್ದಿಗಣ್ಣಾಗ ಲೈಟ್ ಮರತು ಹೋಗ್ತಾನ.”

“ಕಿಲೋಮೀಟರ್ ನೋಡೀರೇನ್ರಿ?”

“ನಾ ಏನು ಬಸ್ ಕಂಡಕ್ಟರಾ, ದಿನಾ ಬರಕೊಳ್ಳಾಕ? ಗಾಡ್ಯಾಗ ತಪ್ಪಿಲ್ಲಂತ ನೀನೇ ಅಂದಿ. ಗಾಡಿ ತಪ್ಪಲ್ಲಂದ್ರ ಯಾರ ತಪ್ಪು?” ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಬರೂ ಅಮಾಸಿ ನೋಡ್ತೀನಿ. ಮತ್ತ ಹಂಗಾತಂದ್ರ ಕಳಸ್ತೀನಿ. ಯಾಕ ಕಳಸ್ದೆ ಅಂತ ಕೇಳಿದಾವ್ರಿಗಿ ಕಾರಣಾನೂ ಹೇಳ್ತೀನಿ.”

ನನ್ನ ಒಂದು ಫೋನಿನ ಮಾತು ಎಲ್ಲಿಗೆ ಹೋಗಿ ನಿಂತಿತು ನೋಡಿ.

ಎರಡು ದಿನ ಬಿಟ್ಟು ಭೀಮರಾಯ ನಡೆದುಕೊಂಡೇ ಬಂದ. “ಮಾಮಾ, ಒಂದ್ಸಲ ನಂದು ಪೂರಾ ಕೇಳ್ರಿ. ಕೆಲಸ ಹೋದ್ರ ಹೋಗ್ಲಿ, ಇನ್ನೊಂದು ಸ್ಟೇರಿಂಗ್ ಸಿಗತದ. ಕಳ್ಳ ಅನಸ್ಕೊಂಡು ಊರಿಗಿ ಹ್ಯಾಂಗ ಹೋಗ್ಲಿ?”

“ಹೇಳು,” ಅಂದೆ. ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟೆ.

ಅವನು ಹೋದ ಅಮಾವಾಸ್ಯೆಯ ಬೆಳಗ್ಗೆಯಿಂದ ಶುರು ಮಾಡಿದ. ಶಹಾಬಾದಕ್ಕೆ ಹೋದದ್ದು, ಖಣಿಯ ಹತ್ತಿರ ಕಾದದ್ದು, ವಾಡಿಯಲ್ಲಿ ಡೀಸೆಲ್ ಹಾಕಿಸಿದ್ದು, ಐದಕ್ಕೆ ಸಾಹುಕಾರರ ಮನೆಗೆ ಬಂದದ್ದು, ಗಾಡಿ ಒರೆಸಿದ್ದು. “ಆಮ್ಯಾಲ ಸಾಹುಕಾರ್ರ ಅವ್ವ, ಆಯಿ, ಗಾಡಿ ಪೂಜಾ ಮಾಡ್ತಾರ. ಪೂಜಾ ಆದ ಮ್ಯಾಲ ಚಾವಿ ಗ್ವಾಡಿಗಿ ಹಾಕಿ ನಾ ಖೋಲಿಗಿ ಹೋಗಿ ಅಡಗಿ ಮಾಡ್ಕೋತೀನಿ. ಅಷ್ಟೇ ಮಾಮಾ. ತಿರುಗಿ ಆ ಗೇಟ್ ನೋಡೂದು ಮುಂಜಾನೇನೇ.”

ಪೂಜೆಯ ಮಾತು ನನಗೆ ಆವರೆಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡದ ಮನೆ ಎಲ್ಲಿದೆ? ನನ್ನ ಅಂಗಡಿಯಲ್ಲೂ ಮಾಡುತ್ತಿದ್ದೆ. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ. “ಈ ಅಮಾಸಿಗಿ ನಾನೇ ಬರ್ತೀನಿ,” ಅಂದೆ. ಇಲ್ಲಿ ಹೊಸಬರು ಒಂದು ಮಾತು ಬರೆದಿಟ್ಟುಕೊಳ್ಳಬೇಕು. ಗಾಡಿ ನಿಮ್ಮ ಹತ್ತಿರ ಬರುವಷ್ಟರಲ್ಲಿ ರೋಗ ದಾರಿಯಲ್ಲೇ ಇಳಿದು ಹೋಗಿರುತ್ತದೆ. ಅದು ಕೆಟ್ಟ ಜಾಗಕ್ಕೆ, ಕೆಡುವ ಹೊತ್ತಿಗೆ ನೀವೇ ಹೋಗಬೇಕು.

ಅಮಾವಾಸ್ಯೆಯ ಸಂಜೆ ನನ್ನ ಸ್ಕೂಟರಿನಲ್ಲಿ ಅವರ ಮನೆಗೆ ಹೋದೆ. ಸಾಹುಕಾರರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದರು, ಮುಖ ಬಿಗಿದೇ ಇತ್ತು. ಅವರ ತಾಯಿಯನ್ನು ಊರೆಲ್ಲ ಆಯಿ ಅನ್ನುತ್ತಾರೆ. ಎಂಬತ್ತರ ಹತ್ತಿರದ ಮುದುಕಿ, ಹಣೆಯ ತುಂಬ ವಿಭೂತಿ. ಕಾರಿನ ಚಾವಿಯನ್ನು ಪೂಜೆಯ ತಟ್ಟೆಯಲ್ಲೇ ಇಟ್ಟುಕೊಂಡು, ಬಾನೆಟ್ಟಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಹೂವಿಟ್ಟು, ಊದಿನಕಡ್ಡಿ ಬೆಳಗಿದರು. ಭೀಮರಾಯ ಕಲ್ಲಿಗೆ ತೆಂಗಿನಕಾಯಿ ಒಡೆದ. ಎರಡು ಹೋಳನ್ನು ಎರಡು ಕೈಯಲ್ಲಿ ಹಿಡಿದು ಬಂದ.

“ಎರಡೂ ಕಣ್ಣಿಗಿ ಹಾಕಪ್ಪಾ,” ಅಂದರು ಆಯಿ. ಕಣ್ಣು ಅಂದರೆ ಹೆಡ್‌ಲೈಟು.

ಅವನು ಭಕ್ತಿಯಿಂದ, ಒಂದು ಹನಿ ನೆಲಕ್ಕೆ ಬೀಳದ ಹಾಗೆ, ಬಲಕ್ಕೊಂದು ಎಡಕ್ಕೊಂದು ಸುರಿದ. ಬಾನೆಟ್ಟಿನ ಅಂಚಿನ ಸಂದಿಯಲ್ಲಿ ನೀರು ಇಳಿದು ಹೋಯಿತು. ಒಳಗೆ ಹೋದದ್ದು ಕಂಡಿತು. ನೆಲಕ್ಕೆ ಬಂದದ್ದು ಕಾಣಲಿಲ್ಲ. ಎಡಗಡೆಯ ಆ ಸಂದಿಯ ಸರಿಯಾಗಿ ಕೆಳಗೇ ರಿಲೇ ಡಬ್ಬಿ ಇರುವುದು.

“ಕುಂದ್ರಿ, ಚಹಾ ಕುಡೀರಿ,” ಅಂದರು ಸಾಹುಕಾರರು. ಕುಡಿದೆವು. ಆಯಿ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೂವಿನ ಎಸಳು ಬಿಡಿಸುತ್ತ ಕುಳಿತಿದ್ದರು. ಚಾವಿ ತಟ್ಟೆಯಲ್ಲೇ. ಭೀಮರಾಯ ಗೇಟಿನ ಹತ್ತಿರ, ಕಾರಿನಿಂದ ಹತ್ತು ಹೆಜ್ಜೆ ದೂರ. ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಚಹಾದ ಕಪ್ಪು ಕೆಳಗಿಡುವಾಗ ಬಾನೆಟ್ಟಿನ ಒಳಗೆ ಟಕ್ ಎಂದು ಸಣ್ಣ ಸದ್ದು ಆಯಿತು. ಕಂಪೌಂಡ್ ಗೋಡೆಯ ಮೇಲೆ ಎರಡು ದುಂಡನೆಯ ಬೆಳಕು ಬಿದ್ದವು.

ಸಾಹುಕಾರರು ಕಾರು ನೋಡಿದರು, ಭೀಮರಾಯನನ್ನು ನೋಡಿದರು, ಕಡೆಗೆ ತಾಯಿಯ ತೊಡೆಯ ಮೇಲಿನ ಚಾವಿ ನೋಡಿದರು. ಭೀಮರಾಯ ಗೇಟಿನ ಸರಳು ಹಿಡಿದುಕೊಂಡು ಹಾಗೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಬಾನೆಟ್ ಎತ್ತಿದೆ. ರಿಲೇ ಡಬ್ಬಿಯ ಮುಚ್ಚಳ ಒಂದು ಕಡೆ ಎದ್ದಿತ್ತು. ಒಳಗೆ ಬೂದು ಧೂಳು ತೆಂಗಿನ ನೀರಿನಲ್ಲಿ ನೆನೆದು ಸಗಣಿಯ ಹಾಗೆ ಆಗಿತ್ತು. ಆ ಕಾರಿನಲ್ಲಿ ರಿಲೇಗೆ ಬ್ಯಾಟರಿಯ ಕರೆಂಟು ಯಾವಾಗಲೂ ಬಂದು ನಿಂತಿರುತ್ತದೆ. ಇನ್ನೊಂದು ತುದಿಗೆ ಬಾಡಿಯ ಸಂಪರ್ಕ ಸಿಕ್ಕರೆ ಸಾಕು, ಬಾಗಿಲು ತೆರೆಯುತ್ತದೆ. ಒಣಧೂಳಿನಲ್ಲಿ ಕರೆಂಟು ಹರಿಯುವುದಿಲ್ಲ. ಉಪ್ಪು, ಸಕ್ಕರೆ ಎಲ್ಲ ಇರುವ ತೆಂಗಿನ ನೀರಿನಲ್ಲಿ ನೆನೆದ ಸಿಮೆಂಟಿನ ರಾಡಿಯಲ್ಲಿ ಚೆನ್ನಾಗಿ ಹರಿಯುತ್ತದೆ. ಹಿಂದಿನ ಸಲ ನೀರು ನಿಧಾನ ಇಳಿದು, ಎಲ್ಲರೂ ಮಲಗಿದ ಮೇಲೆ ಹೊತ್ತಿರಬೇಕು. ಬೆಳಗ್ಗೆ ಗಾಡಿ ಚಾಲೂ ಮಾಡಿ ನನ್ನ ಹತ್ತಿರ ತರುವಷ್ಟರಲ್ಲಿ ಇಂಜಿನ್ನಿನ ಕಾವಿಗೆ ರಾಡಿ ಒಣಗಿರುತ್ತದೆ. ನಾನು ನೋಡಿದಾಗ ಬರೀ ಧೂಳು. ನಮ್ಮ ಎಲ್ಲ ಗಾಡಿಗಳಲ್ಲೂ ಇರುವ ಧೂಳು.

ರಿಲೇ ಕಿತ್ತೆ. ದೀಪ ಆರಿತು.

ಸಾಹುಕಾರರು ಬಗ್ಗಿ ನೋಡಿದರು. “ಆರು ವರ್ಷದಿಂದ ಕಾಯಿ ಒಡೀಲತ್ತೇವಿ. ಇಷ್ಟು ದಿನ ಇಲ್ಲದ್ದು ಈಗ್ಯಾಕ?” ಎಂದು ಕೇಳಿ, ತಾವೇ ಉತ್ತರ ಹೇಳಿಕೊಂಡರು: “ಇವನೇ ಒಳಗ ಸುರದಾನ. ಕೆಲಸದ ಮ್ಯಾಲ ಲಕ್ಷ್ಯ ಇಲ್ಲ.”

ಮುಚ್ಚಳವನ್ನು ಕಟ್ಟಿದ್ದು ಒಂದು ಕರಿಯ ಪಟ್ಟಿ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ್ದು. ಅದು ಸಡಿಲಾಗಿ ಜೋತು ಬಿದ್ದಿತ್ತು. ಆ ಗಂಟು ನನ್ನದು. ಮೊದಲ ಸಲ ದೀಪ ಉರಿಯುವುದಕ್ಕೆ ಸ್ವಲ್ಪ ದಿನ ಮುಂಚೆ ಸಾಹುಕಾರರು ಜೋರು ದನಿಯ ಹಾರ್ನು ಹಾಕಿಸಿದ್ದರು. ಹಾಕುವಾಗ ಡಬ್ಬಿಯ ಮುಚ್ಚಳದ ಕೊಕ್ಕೆ ನನ್ನ ಕೈಯಲ್ಲೇ ಮುರಿದಿತ್ತು. ಹೊಸ ಮುಚ್ಚಳಕ್ಕೆ ಕಲಬುರಗಿಗೆ ಹೇಳಿ ಕಳಿಸಬೇಕಿತ್ತು. ಆಮೇಲೆ ತರಿಸೋಣ ಎಂದು ಪಟ್ಟಿ ಕಟ್ಟಿದೆ, ಆಮೇಲೆ ಮರೆತೆ. ಮೂರು ಸಲ ಅದೇ ಮುಚ್ಚಳ ನಾನೇ ತೆಗೆದು, ನಾನೇ ಕಟ್ಟಿದ್ದೆ. ನನ್ನ ಗಂಟು ನನಗೆ ತಪ್ಪಾಗಿ ಕಾಣಲಿಲ್ಲ.

ನಿಜ ಹೇಳಬೇಕು. ಒಂದು ಗಳಿಗೆ ಮುಚ್ಚಿಡೋಣ ಅನ್ನಿಸಿತು. ಕಾಯಿಯ ನೀರಿನದೇ ತಪ್ಪು ಅಂದಿದ್ದರೆ ಯಾರೂ ಆ ಪಟ್ಟಿಯ ಕಡೆ ನೋಡುತ್ತಿರಲಿಲ್ಲ. ಭೀಮರಾಯ ಎದ್ದು ಬಂದು ನನ್ನ ಪಕ್ಕದಲ್ಲೇ ನಿಂತಿದ್ದ. ಕಳ್ಳ ಅನ್ನಿಸಿಕೊಳ್ಳುವುದು ತಪ್ಪಿತ್ತು, ಈಗ ಬೇಜವಾಬ್ದಾರಿ ಅನ್ನಿಸಿಕೊಂಡು ಹೋಗುವುದರಲ್ಲಿದ್ದ.

“ಅವಂದಲ್ರಿ ಸಾಹುಕಾರ್ರೆ,” ಅಂದೆ. “ಮುಚ್ಚಳಿದ್ದಾಗ ಎಷ್ಟು ನೀರು ಹಾಕಿದ್ರೂ ಒಳಗ ಹೋಗಿಲ್ಲ. ಮುಚ್ಚಳ ಮುರದಾವ ನಾನು. ಹಾರ್ನ್ ಹಾಕೂವಾಗ. ನಿಮಗ ಹೇಳ್ಲಿಲ್ಲ. ಮ್ಯಾಲಿಂದ ಗಾಡ್ಯಾಗ ತಪ್ಪಿಲ್ಲಂತ ಅಂದಾವನೂ ನಾನೇ.”

ಸಾಹುಕಾರರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮಾತಾಡಿದ್ದು ಮಾತ್ರ ಆಯಿ. ಪಡಸಾಲೆಯಿಂದಲೇ ಕೇಳಿಸಿಕೊಂಡಿದ್ದರು.

“ಮುರದಾಂವ ಒಪ್ಗೊಂಡ. ನೀ ಏನಂದಿದ್ದೆಪಾ ಇವನಿಗಿ?”

“ಆತು ಬಿಡವ್ವಾ,” ಅಂದ ಸಾಹುಕಾರರು ಭೀಮರಾಯನ ಕಡೆ ತಿರುಗಿ, “ನಾಳಿ ಎಂಟಕ್ಕ ಶಹಾಬಾದಕ್ಕ ಹೋಗೂದದ. ಜಲ್ದಿ ಬಾ,” ಅಂದರು.

“ಅದಲ್ಲ,” ಅಂದರು ಆಯಿ. “ಅಂದದ್ದು ಬಾಯಿಲೆ. ತಿರುಗಿ ತಗೊಳ್ಳೂದೂ ಬಾಯಿಲೇ ಆಗ್ಲಿ.”

ಸಾಹುಕಾರರು ಬಾನೆಟ್ಟಿನ ಮೇಲಿನ ಹೂವು ಸರಿ ಮಾಡಿದರು. ಅಲ್ಲಿ ಸರಿ ಮಾಡುವಂಥದ್ದೇನೂ ಇರಲಿಲ್ಲ. “ತಪ್ಪಾತು ಭೀಮಣ್ಣಾ,” ಅಂದರು. ಆರು ವರ್ಷದಲ್ಲಿ ಅಣ್ಣಾ ಅಂದದ್ದು ಅದೇ ಮೊದಲು ಎಂದು ಆಮೇಲೆ ಭೀಮರಾಯ ಹೇಳಿದ. ನನಗೆ ಮಾತ್ರ ಅವರು, “ಮಿಸ್ತ್ರಿ, ಹೊಸಾ ಮುಚ್ಚಳ ಬರೂತನಕ ನೀ ನನ್ನ ಕಣ್ಣಿಗಿ ಬೀಳಬ್ಯಾಡ,” ಅಂದರು. ನ್ಯಾಯವೇ. ಆಯಿ ಒಳಗಿನಿಂದ ನಾಲ್ಕು ಹೋಳಿಗೆ ಕಾಗದದಲ್ಲಿ ಸುತ್ತಿ ತಂದು, ಮಗ ಅಂದದ್ದು ಕೇಳಿಸಲೇ ಇಲ್ಲ ಅನ್ನುವ ಹಾಗೆ ನನ್ನ ಕೈಗೆ ಕೊಟ್ಟರು.

ಭೀಮರಾಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಮ್ಮ ಮನೆಗೇ ಕರೆತಂದೆ. ಇಷ್ಟೆಲ್ಲ ಆದ ಮೇಲೆ ಒಬ್ಬನೇ ಖೋಲಿಗೆ ಹೋಗಿ ಅನ್ನಕ್ಕಿಡು ಅನ್ನಲು ಮನಸ್ಸು ಬರಲಿಲ್ಲ. ದಾರಿಯುದ್ದಕ್ಕೂ ಅವನು ಒಂದೇ ಮಾತಾಡಿದ: “ಮಾಮಾ, ಮುಂದಿನ ಅಮಾಸಿಗಿ ಕಾಯಿ ನೀರು ಎಲ್ಲಿ ಹಾಕ್ಲಿ?” ಗಾಲಿಗೆ ಹಾಕು ಅಂದೆ.

ಮಹಾದೇವಿ ಬಿಸಿ ರೊಟ್ಟಿ ಬಡಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಆಮೇಲೆ ಆಯಿ ಕೊಟ್ಟ ಹೋಳಿಗೆ. ಭೀಮರಾಯ ಐದು ರೊಟ್ಟಿ ತಿಂದ. ಹೋಳಿಗೆ ಮುರಿದು ಅರ್ಧ ತಿಂದವನು, ಗೋಡೆಗೆ ಒರಗಿದ. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವನ ಬಾಯಿ ತೆರೆದಿತ್ತು, ಉಳಿದ ಹೋಳಿಗೆ ತಾಟಿನಲ್ಲೇ ಇತ್ತು. ಮಹಾದೇವಿ ತಾಟು ಸದ್ದಾಗದ ಹಾಗೆ ಎತ್ತಿ, ಕೌದಿ ತಂದಳು.

ಅವನ ಜೇಬಿನಲ್ಲಿ ಫೋನು ಗುಣುಗುಟ್ಟಿತು. ನಾನೇ ತೆಗೆದು, ಮಿಸ್ತ್ರಿ ಮಾತಾಡೂದು ಅಂದೆ. ಸನ್ನತಿಯಿಂದ ಅವನ ಹೆಂಡತಿ.

“ಏನಾತ್ರಿ ಅಣ್ಣಾರ?” ಅಂದಳು. ದನಿ ಸಣ್ಣದಾಗಿತ್ತು.

“ಎಲ್ಲಾ ಬರೋಬ್ಬರಿ ಆತವ್ವಾ. ನಾಳಿ ಎಂಟಕ್ಕ ಕೆಲಸಕ್ಕ ಹೋಗ್ತಾನ. ಫೋನ್ ಅವನಿಗಿ ಕೊಡಬೇಕಂದ್ರ, ಉಂಡು ಇಲ್ಲೇ ಮಲಗ್ಯಾನ.”

ಆ ಕಡೆ ಬಾಗಿಲಿನ ಅಗಳಿ ಹಾಕಿದ ಸದ್ದು ಕೇಳಿಸಿತು.

“ಮಲಗ್ಯಾರ್ರಿ?” ಅಂದಳು.

“ಹೂಂ. ಗೊರಕಿ ಹೊಡೀಲತ್ತಾನ.”

“ಹಂಗಿದ್ರ ಎಬ್ಬಸಬ್ಯಾಡ್ರಿ,” ಅಂದಳು. “ನಾನೂ ಮಲಗ್ತೀನಿ.”